ಕೆಳಗಿನ ಮುಂಬಲ್ಲಿನ ಒಸಡು ಜಾರಿದೆ, ಅಂಗುಳದಿಂದ ಚೂರು ತೆಗೆಯಲೇಬೇಕೇ?

ಪ್ರಶ್ನೆ (ಗುಬ್ಬಿಯ ಶಿಕ್ಷಕಿ): ಡಾಕ್ಟರೇ, ನನಗೆ 34 ವರ್ಷ. ಕೆಳಗಿನ ಮುಂಬಲ್ಲೊಂದರ ಒಸಡು 3 ಮಿಲಿಮೀಟರ್ ಜಾರಿದೆಯಂತೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಅಂಗುಳದಿಂದ ಚೂರು ತೆಗೆದು ಹೊಲಿಯಬೇಕು ಎಂದಿದ್ದಾರೆ. ಅತ್ತೆಯವರು ಉಪ್ಪು ಅರಿಸಿನ ತಿಕ್ಕು, ಸಾಕು ಎನ್ನುತ್ತಾರೆ.

ಉತ್ತರ (ತುಮಕೂರಿನ ಒಸಡು ತಜ್ಞ): ಮೇಡಂ, ಜಾರಿದ ಒಸಡು ತಾನಾಗಿ ಮೇಲೇರುವುದಿಲ್ಲ. ಉಪ್ಪು ತಿಕ್ಕಿದರೆ ಇನ್ನಷ್ಟು ಸವೆಯುತ್ತದೆ. ಅತ್ತೆಯವರ ಮಾತಿಗೆ ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ, ಜಗಳ ಮುಗಿಯಿತು.

ಕನ್ನಡಿಯ ಮುಂದೆ ನಿಂತು ಕೆಳತುಟಿಯನ್ನು ಮುಂದಕ್ಕೆ ಎಳೆಯಿರಿ. ಒಸಡಿನ ಅಂಚು ಬಿಳಿಚಿಕೊಂಡು ಅಲುಗಿದರೆ, ತುಟಿಯೊಳಗಿನ ಎಳೆಯೇ ಅದನ್ನು ಜಗ್ಗುತ್ತಿದೆ ಎಂದರ್ಥ. ಆ ಎಳೆಯನ್ನು ಬಿಡಿಸದೆ ಹಾಕಿದ ಹೊಲಿಗೆ ಬಾಳುವುದು ಕಷ್ಟ. ಆಮೇಲೆ ಹಲ್ಲುಗಳ ನಡುವಿನ ಒಸಡಿನ ಮುಕ್ಕೋನ ನೋಡಿ. ಅದೂ, ಅದರಡಿಯ ಮೂಳೆಯೂ ಗಟ್ಟಿಯಾಗಿದ್ದರೆ, ಒಸಡು ಜಾರಿ ಹೊರಗೆ ಕಾಣುವ ಬೇರು ಈ ಚಿಕಿತ್ಸೆಯಿಂದ ಬಹುಮಟ್ಟಿಗೆ ಮುಚ್ಚುತ್ತದೆ. ಅದು ಕರಗಿದ್ದರೆ ಪೂರ್ತಿ ಮುಚ್ಚುವ ಮಾತನ್ನು ಯಾರೂ ಕೊಡಬಾರದು.

ಕೆಳಗಿನ ಮುಂಬಲ್ಲುಗಳ ಮುಂದೆ ಮೂಳೆ ತೀರಾ ತೆಳು. ಹಾಗಾಗಿ ಅಂಗುಳದಿಂದ ಒಂದೂವರೆ ಮಿಲಿಮೀಟರ್‌ನಷ್ಟು ದಪ್ಪದ ಪದರ ತೆಗೆದು ಅಲ್ಲಿ ಕೂರಿಸುತ್ತೇವೆ. ಮರಗಟ್ಟಿಸುವ ಸೂಜಿ ಸಾಕು, ಅದೇ ದಿನ ಮನೆಗೆ ಹೋಗಬಹುದು. ಮೇಲ್ಪದರವನ್ನೇ ಕೂರಿಸಿದರೆ ತೇಪೆಯಂತೆ ಬಿಳಿಚಿ ಕಾಣುತ್ತದೆ. ಒಳಪದರವನ್ನು ಒಸಡಿನಡಿ ಸೇರಿಸಿದರೆ ಬಣ್ಣ ಹೊಂದುತ್ತದೆ. ಕೆಳತುಟಿ ಮರೆಮಾಡುವ ಜಾಗವಾದ್ದರಿಂದ ಬಣ್ಣಕ್ಕಿಂತ ಒಸಡು ಗಟ್ಟಿಯಾಗುವುದೇ ನನಗೆ ಮುಖ್ಯ. ಖರ್ಚಿನ ಚಿಂತೆಯಿದ್ದರೆ ಅಗಳಕೋಟೆಯ ದಂತ ಕಾಲೇಜಿನಲ್ಲಿ ವಿಚಾರಿಸಿ.

ಪ್ರಶ್ನೆ (ಅದೇ ಶಿಕ್ಷಕಿ): ಮುದ್ದೆ ಬಿಡಬೇಕೇ? ಪಾಠ ಮಾಡಬಹುದೇ?

ಉತ್ತರ: ಮೊದಲ ದಿನ ತಣ್ಣನೆಯ ಗಂಜಿ, ಮೊಸರನ್ನ. ಮರುದಿನದಿಂದ ಆರಿದ ಮುದ್ದೆಯನ್ನು ಖಾರವಿಲ್ಲದ ಸಾರಿನಲ್ಲಿ ನುಂಗಿ. ಅಗಿಯದೆ ತಿನ್ನುವ ನಮ್ಮ ಊಟ ಇಲ್ಲಿ ಉಪಕಾರಕ್ಕೆ ಬರುತ್ತದೆ. ಕೋಡುಬಳೆ ಬೇಡ. ಒಂದು ವಾರ ಪಾಠಕ್ಕೆ ರಜೆ ಹಾಕಿ. ಒಸಡಿಗಿಂತ ಅಂಗುಳದ ಗಾಯವೇ ಹೆಚ್ಚು ಉರಿಯುತ್ತದೆ, ಎರಡು ಮೂರು ವಾರದಲ್ಲಿ ಮಾಯುತ್ತದೆ. ಹೊಲಿಗೆ ತೆಗೆಯುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಅಲ್ಲಿಯವರೆಗೆ ಆ ಜಾಗಕ್ಕೆ ಬ್ರಷ್ ಬೇಡ, ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಮುಕ್ಕಳಿಸಿ.

ಮುಖ್ಯವಾಗಿ, ನೋಡಲು ಬಂದ ನೆಂಟರಿಗೆಲ್ಲ ತುಟಿ ಜಗ್ಗಿ ಹೊಲಿಗೆ ತೋರಿಸಬೇಡಿ. ಮೊದಲ ಕೆಲವು ದಿನ ಆ ಚೂರಿಗೆ ಸ್ವಂತ ರಕ್ತನಾಳವಿರುವುದಿಲ್ಲ, ಕೆಳಗಿನಿಂದ ಒಸರುವ ದ್ರವದಲ್ಲೇ ಬದುಕಿರುತ್ತದೆ. ಅಲುಗಿದರೆ ಸತ್ತುಹೋಗುತ್ತದೆ.

ಪ್ರಶ್ನೆ (ಪಾವಗಡದ ಸದಸ್ಯರು): ನಮ್ಮ ತಂದೆಯವರಿಗೂ ಹೀಗೆಯೇ ಆಗಿದೆ. ಹಲ್ಲು ಅಲುಗಾಡುತ್ತದೆ. ಎಲೆಯಡಿಕೆಯ ಜೊತೆ ಕಡ್ಡಿಪುಡಿ ಹಾಕುತ್ತಾರೆ.

ಉತ್ತರ: ಅದು ಬೇರೆ ಕಥೆ. ಅಲುಗಾಡುವ ಹಲ್ಲೆಂದರೆ ಮೂಳೆಯೇ ಕರಗಿರಬಹುದು. ಮೊದಲು ಎಕ್ಸ್‌ರೇ, ಗಟ್ಟಿಗಟ್ಟಿದ ಪಾಚಿ ತೆಗೆಸುವುದು. ಕಡ್ಡಿಪುಡಿ ಬಿಡುವವರೆಗೆ ಈ ಶಸ್ತ್ರಚಿಕಿತ್ಸೆಗೆ ನಾನು ಕೈ ಹಾಕುವುದಿಲ್ಲ. ಬಾಯಿಯೊಳಗೆ ಬಿಳಿ ಮಚ್ಚೆಯೋ ಮಾಯದ ಹುಣ್ಣೋ ಇದ್ದರೆ ಈ ವಾರವೇ ಕರೆದುಕೊಂಡು ಬನ್ನಿ.