ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಹಳೇ ಕಾಮಿಕ್ಸ್ ಪುಟಗಳು: ಕತ್ತರಿಸಿ ಮಾರಬಹುದಾ?

ಬದಿಯಡ್ಕದವ:
ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಮನೆಯ ಮಾಡು ರಿಪೇರಿ ನಡೀತಾ ಇದೆ. ಅಟ್ಟದಿಂದ ಅಜ್ಜನ ತಗಡಿನ ಪೆಟ್ಟಿಗೆ ಇಳಿಸಿದೆವು. ಅಜ್ಜ ಬೊಂಬಾಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದವರು. ಪೆಟ್ಟಿಗೆಯಲ್ಲಿ ಇಲ್ಲಸ್ಟ್ರೇಟೆಡ್ ವೀಕ್ಲಿ ಎಂಬ ಇಂಗ್ಲಿಷ್ ವಾರಪತ್ರಿಕೆಯ ಸುಮಾರು ನಲವತ್ತು ಸಂಚಿಕೆ ಇವೆ, ಹೆಚ್ಚಿನವು 1950ರ ದಶಕದವು. ಅದರಲ್ಲಿ ಬರುತ್ತಿದ್ದ ಮುಖವಾಡದ ವೀರ ಫ್ಯಾಂಟಮ್‌ನ ಕಾಮಿಕ್ಸ್ ಪುಟಗಳು ಚೆನ್ನಾಗಿಯೇ ಉಳಿದಿವೆ.

ಆಶ್ಚರ್ಯ ಏನಂದ್ರೆ, ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಕಾಗದ ಅಮೆರಿಕದ ಯಾವುದೋ ಪೇಪರಿನ ಭಾನುವಾರದ ಬಣ್ಣದ ಹಾಳೆ! ಇಬ್ಬರು ಪೋಕರಿ ಹುಡುಗರು, ಗಡ್ಡ ಬಿಟ್ಟ ದಪ್ಪ ಕ್ಯಾಪ್ಟನ್. ಮೇಲೆ ‘ಕಾಟ್ಸನ್‌ಜಾಮರ್ ಕಿಡ್ಸ್’ ಅಂತ ಇದೆ. ಪೇಪರಿನ ಹೆಸರಿದ್ದ ಅಂಚು ಒರಲೆ ತಿಂದು ಹೋಗಿದೆ.

ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿದರು. ಗೆಳೆಯನೊಬ್ಬ ಕಾಮಿಕ್ಸ್ ಮಾತ್ರ ಕತ್ತರಿಸಿ, ಲ್ಯಾಮಿನೇಟ್ ಮಾಡಿಸಿ ಆನ್‌ಲೈನ್‌ನಲ್ಲಿ ಮಾರು ಅಂದ. ತಿಳಿದವರು ಹೇಳಿ. ಮಳೆ ಹಿಡಿಯುವ ಮೊದಲು ಏನಾದರೂ ಮಾಡಬೇಕು.

ಕುಂಬಳೆ ಮಾಷ್ಟ್ರು:
ಮೊದಲು ಕತ್ತರಿ ಒಳಗಿಡಿ ಮಾರಾಯ್ರೇ. ಇಪ್ಪತ್ತೈದು ವರ್ಷದಿಂದ ಹಳೇ ಪತ್ರಿಕೆ ಕೂಡಿಡುತ್ತಿದ್ದೇನೆ. ಕತ್ತರಿಸಿದ ತುಂಡುಗಳನ್ನು ನೋಡಿದಷ್ಟು ಬೇಸರ ನನಗೆ ಬೇರೆ ಯಾವುದರಲ್ಲೂ ಆಗಿಲ್ಲ. ಕತ್ತರಿಸಿದರೆ ತಾರೀಕು ಹೋಯಿತು, ಹಿಂಬದಿಯ ಜಾಹೀರಾತು ಹೋಯಿತು, ಯಾವ ಊರಿನ ಪೇಪರ್ ಅನ್ನುವುದೂ ಹೋಯಿತು. ವೀಕ್ಲಿಯ ಸಂಚಿಕೆ ಇಡಿಯಾಗಿದ್ದರೆ ಫ್ಯಾಂಟಮ್ ಹುಡುಕುವವರೂ ಬರುತ್ತಾರೆ, ಹಳೇ ಜಾಹೀರಾತು ಹುಡುಕುವವರೂ ಬರುತ್ತಾರೆ.

ನಿಮ್ಮ ಆ ಬಣ್ಣದ ಹಾಳೆಯ ವಿಷಯ. ಆ ಹುಡುಗರು ಹಾನ್ಸ್ ಮತ್ತು ಫ್ರಿಟ್ಸ್. ಜರ್ಮನಿಯಲ್ಲಿ ಹುಟ್ಟಿದ ರುಡಾಲ್ಫ್ ಡರ್ಕ್ಸ್ 1897ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಜರ್ನಲ್‌ಗೆ ಇವರನ್ನು ಬರೆಯಲು ಶುರು ಮಾಡಿದರು. ಆಮೇಲೆ ಮಾಲಕ ಹರ್ಸ್ಟ್ ಜೊತೆ ಜಗಳವಾಗಿ ಕೋರ್ಟಿಗೆ ಹೋಯಿತು. ಡರ್ಕ್ಸ್ ಅದೇ ಹುಡುಗರನ್ನು ಇನ್ನೊಂದು ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಮುಂದುವರಿಸಿದರು. ಹಳೇ ಹೆಸರು ಹರ್ಸ್ಟ್ ಬಳಿ ಉಳಿಯಿತು, ಅದನ್ನು 1914ರಿಂದ 1949ರವರೆಗೆ ಬರೆದವರು ಹ್ಯಾರಲ್ಡ್ ನರ್. ಹಾಗಾಗಿ ಸಹಿ ನೋಡಿ. ಪೇಪರಿನ ಹೆಸರು ಹೋಗಿದ್ದರೂ ತೊಂದರೆ ಇಲ್ಲ. ಯಾವುದಾದರೂ ಒಂದು ಚೌಕದ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಕೆ ಕಾಪಿರೈಟ್ ವರ್ಷವೂ ತಿಂಗಳು-ದಿನದ ಅಂಕಿಯೂ ಇರಬಹುದು. ಲೆನ್ಸ್ ಹಿಡಿದು ಹುಡುಕಿ.

ಇಂಥ ಹಾಳೆ ಯಾಕೆ ಕಡಿಮೆ ಅಂದ್ರೆ, ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಸಾಯುತ್ತದೆ. ಅದರ ಮೇಲೆ ಅಮೆರಿಕದ ಲೈಬ್ರರಿಗಳು ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ, ಅಂದ್ರೆ ಪುಟಗಳನ್ನು ಸಣ್ಣ ಫಿಲ್ಮಿನಲ್ಲಿ ಫೋಟೋ ಹಿಡಿದು, ಮೂಲವನ್ನು ಬಿಸಾಡಿದವು. ಫಿಲ್ಮ್ ಕಪ್ಪು ಬಿಳುಪು, ಬಣ್ಣ ಎಲ್ಲಿ ಉಳಿಯಿತು? ಸ್ಯಾನ್ ಫ್ರಾನ್ಸಿಸ್ಕೋದ ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬವರು ಹಾಗೆ ಬಿಸಾಡುತ್ತಿದ್ದ ಸಂಪುಟಗಳನ್ನು ಮನೆ ತುಂಬ ಪೇರಿಸಿದರು. 1998ರಲ್ಲಿ ಅದು ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಹೋದಾಗ 75 ಟನ್ ಇತ್ತು. ನಾವು ಅಡಿಕೆ ತೂಗುವವರಿಗೆ 75 ಟನ್ ಅಂದ್ರೆ ಎಷ್ಟು ಅಂತ ಗೊತ್ತಲ್ವಾ?

ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ನಾನು ಅರಿಯದೆ ಒಂದು ಅಂಗಡಿಯಲ್ಲಿ ನಾಲ್ಕು ಹಾಳೆ ಮಾಡಿಸಿದ್ದೆ. ಬಿಸಿಗೆ ಅಂಟು ಕಾಗದದೊಳಗೆ ಇಳಿದು ಹೋಯಿತು, ಈಗ ಬಿಡಿಸಲು ಆಗುವುದಿಲ್ಲ. ಇವತ್ತಿಗೂ ಆ ನಾಲ್ಕು ಹಾಳೆ ತೆಗೆದು ನೋಡಲು ಮನಸ್ಸು ಬರುವುದಿಲ್ಲ. ಸೆಲ್ಲೋ ಟೇಪ್ ಕೂಡ ಹಚ್ಚಬೇಡಿ. ಪಾಲಿಯೆಸ್ಟರ್ ಕವರ್ ಸಿಗುತ್ತದೆ, ಅದರಲ್ಲಿ ಹಿಂದೆ ಆಮ್ಲವಿಲ್ಲದ ರಟ್ಟು ಇಟ್ಟು ಮಲಗಿಸಿ. ಪಿವಿಸಿ ಕವರ್ ಆಗದು. ಮಡಿಕೆಯನ್ನು ಬಿಸಿಲಲ್ಲಿ ಬಿಡಿಸಲೇಬಾರದು, ಸುಟ್ಟ ಹಪ್ಪಳದ ಹಾಗೆ ಮುರಿಯುತ್ತದೆ.

ಹೊಸದುರ್ಗ 71:
ಮಾಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಪೆಟ್ಟಿಗೆಯಲ್ಲಿ ಮಲಯಾಳಂ ವಾರಪತ್ರಿಕೆ ಇದ್ದರೆ ಕೊನೇ ಪುಟ ನೋಡದೆ ಗುಜರಿಗೆ ಹಾಕಬೇಡಿ. ಟೋಮ್ಸ್ ಅವರ ಕಾಮಿಕ್ಸ್ ‘ಬೋಬನುಂ ಮೋಳಿಯುಂ’ ಮಲಯಾಳ ಮನೋರಮಾ ವಾರಪತ್ರಿಕೆಯಲ್ಲಿ, ಅರವಿಂದನ್ ಅವರ ‘ಚೆರಿಯ ಮನುಷ್ಯರುಂ ವಲಿಯ ಲೋಕವುಂ’ ಮಾತೃಭೂಮಿ ವಾರಪತ್ರಿಕೆಯಲ್ಲಿ 1961ರಿಂದ ಕೊನೇ ಪುಟದಲ್ಲೇ ಬರುತ್ತಿತ್ತು. ನಮ್ಮ ಮನೆಯಲ್ಲಿ ಕನ್ನಡ ಪೇಪರ್ ಮೊದಲ ಪುಟದಿಂದ, ಮಲಯಾಳಂ ವಾರಪತ್ರಿಕೆ ಕೊನೇ ಪುಟದಿಂದ ಓದುವುದು ರೂಢಿಯಾಗಿತ್ತು.

ಬದಿಯಡ್ಕದವ:
ಮಲಯಾಳಂ ಪತ್ರಿಕೆ ಇಲ್ಲ. ಫೋಟೋ ಹಾಕಿದ್ದಕ್ಕೆ ಹೊರದೇಶದ ಒಬ್ಬರು ಬಣ್ಣದ ಹಾಳೆ ಕೇಳಿ ಮೆಸೇಜ್ ಮಾಡಿದ್ದಾರೆ. ಕೊರಿಯರ್ ಮಾಡಿದರೆ ಆಗುತ್ತದಾ?

ಮಂಜೇಶ್ವರ ವಕೀಲ:
ಸ್ವಲ್ಪ ನಿಲ್ಲಿ. 1972ರ ಪುರಾತನ ವಸ್ತು ಕಾಯ್ದೆಯಲ್ಲಿ ಸಾಮಾನ್ಯ ವಸ್ತುಗಳಿಗೆ 100 ವರ್ಷ, ಆದರೆ ಚಾರಿತ್ರಿಕ, ಸಾಹಿತ್ಯಕ ಅಥವಾ ಕಲಾ ಮೌಲ್ಯದ ದಾಖಲೆ ಪತ್ರಗಳಿಗೆ 75 ವರ್ಷ ಸಾಕು. ಆ ಪಟ್ಟಿಗೆ ಸೇರುವುದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ನಿಮ್ಮ ಹಾಳೆ ಅದಕ್ಕೆ ಸೇರುತ್ತದಾ ಅಂತ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಬರೆದು ಕೇಳಿ, ಸೇರದಿದ್ದರೆ ಪ್ರಮಾಣಪತ್ರ ಕೊಡುತ್ತಾರೆ. ಅದು ಕೈಗೆ ಬರುವವರೆಗೆ ಕೊರಿಯರ್ ಬೇಡ. 1950ರ ನಂತರದ ವೀಕ್ಲಿಗಳ ತಾರೀಕನ್ನೂ ಒಂದೊಂದಾಗಿ ಲೆಕ್ಕ ಹಾಕಿ.

ಕುಂಬಳೆ ಮಾಷ್ಟ್ರು:
ಹಾಗೇ ಮಾಡಿ. ವೀಕ್ಲಿಗಳನ್ನು ನಮ್ಮಲ್ಲೇ ಕೊಳ್ಳುವವರಿದ್ದಾರೆ. ಫೋಟೋದಲ್ಲಿ ಹರಿದದ್ದು, ಕಲೆ, ಪುಟ ಕಡಿಮೆ ಇರುವುದು ಎಲ್ಲ ಮೊದಲೇ ತೋರಿಸಿ. ಒಮ್ಮೆ ನಂಬಿದ ಗಿರಾಕಿ ವರ್ಷಗಟ್ಟಲೆ ಬರುತ್ತಾನೆ.

ಬದಿಯಡ್ಕದವ:
ಮಾಷ್ಟ್ರೇ, ಬೆಳಿಗ್ಗೆ ಕಿಟಕಿ ಹತ್ತಿರ ಲೆನ್ಸ್ ಹಿಡಿದು ನೋಡಿದೆ. ನರ್ ಅವರ ಸಹಿ ಇದೆ. ಕೆಳಗಿನ ಸಾಲಿನ ಚೌಕದಲ್ಲಿ 1944, ಪಕ್ಕದಲ್ಲಿ 3-19. ಯುದ್ಧದ ಸಮಯ. ಬೊಂಬಾಯಿಯಲ್ಲಿ ಅಮೆರಿಕದ ಸೈನಿಕರು ಹೋಟೆಲಿಗೆ ಬರುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದದ್ದು ಅಮ್ಮನಿಗೆ ಈಗ ನೆನಪಾಯಿತು. ಆ ಹಾಳೆಯನ್ನು ಅಮ್ಮ ಮಾರಲು ಬಿಡುವುದಿಲ್ಲವಂತೆ. ವೀಕ್ಲಿಗಳ ತಾರೀಕು ಬರೆದಿಡುತ್ತಿದ್ದೇನೆ. ಪಾಲಿಯೆಸ್ಟರ್ ಕವರ್ ಕಾಸರಗೋಡಿನಲ್ಲಿ ಸಿಗುತ್ತದಾ, ಮಂಗಳೂರಿಗೇ ಹೋಗಬೇಕಾ?