ಸಹಾಯ ಬೇಕು: ವಾರದಲ್ಲಿ ಎಷ್ಟು ದಿನ ಇಂಟರ್ವಲ್ (ಜೋರು, ನಿಧಾನ ಬದಲಿಸುತ್ತಾ ಓಡೋದು) ಮಾಡಲಿ?

ಮೂರು ತಿಂಗಳಿಂದ ವಾರಕ್ಕೆ 4 ದಿನ, 40 ನಿಮಿಷ ಒಂದೇ ವೇಗದಲ್ಲಿ ಓಡುತ್ತಿದ್ದೇನೆ. ಶುರುವಿನಲ್ಲಿ ದಮ್ಮು ಚೆನ್ನಾಗಿ ಏರಿತು, ಈಗ ನಿಂತಲ್ಲೇ ನಿಂತಿದೆ. ಮೂರು ಮಹಡಿ ಹತ್ತಿದರೆ ಇವತ್ತಿಗೂ ಏದುಸಿರು.

ಅದಕ್ಕೇ ಎರಡು ವಾರ ಇಂಟರ್ವಲ್ ಮಾಡಿದೆ. 4 ನಿಮಿಷ ಜೋರು, 3 ನಿಮಿಷ ನಿಧಾನ, ಹೀಗೆ 4 ಸಲ. ಮೂರನೇ ಸುತ್ತಿಗೆ ಮಾತೇ ಹೊರಡಲ್ಲ, ನಾಲ್ಕನೆಯದು ಬರೀ ಹಠ. ಮಾರನೇ ದಿನ ಮೀನಖಂಡ ಕಲ್ಲಾಗಿರುತ್ತದೆ. ತಬಾಟಾ ಅನ್ನೋ ಇಂಟರ್ವಲ್ ಪದ್ಧತಿಯ 20 ಸೆಕೆಂಡ್ ಜೋರು, 10 ಸೆಕೆಂಡ್ ವಿಶ್ರಾಂತಿಯನ್ನೂ ಓಡಿ ನೋಡಿದೆ. ಆ ಪದ್ಧತಿಯ ಮೇಲಿನ 1996ರ ಜಪಾನಿ ಅಧ್ಯಯನ ನಡೆದದ್ದು ಸೈಕಲ್ ಮೇಲೆ ಅಂತ ಆಮೇಲೆ ಗೊತ್ತಾಯಿತು!

ನಾಲ್ಕೂ ದಿನ ಇಂಟರ್ವಲ್ ಮಾಡಿದರೆ ಕಾಲು ಸುಧಾರಿಸಿಕೊಳ್ಳಲ್ಲ. ಒಂದೇ ದಿನ ಸಾಕಾಗುತ್ತಾ? ಒಂದೇ ವೇಗದ ಓಟ, ಇಂಟರ್ವಲ್ ಎರಡನ್ನೂ ಮಾಡುವವರು ಹೇಳಿ: ನಾಲ್ಕರಲ್ಲಿ ಎಷ್ಟು ದಿನ ಇಂಟರ್ವಲ್ ಇಡಲಿ, ಉಳಿದ ದಿನದ ಓಟ ಎಷ್ಟು ನಿಧಾನ ಇರಬೇಕು?