ಕೂರುವವರಿಲ್ಲದ ಕುರ್ಚಿ

ಲಂಡನ್ನಿನಿಂದ ಬಂದ ಮೇಲೆ ವಿಶ್ವನ ಬಾಯಲ್ಲಿ ಒಂದೇ ಮಾತು, ‘ಆಂಗ್ಲೋ-ಜಪಾನೀಸ್’. ಜಪಾನಿನ ಕಲೆ ನೋಡಿ ಇಂಗ್ಲಿಷಿನವರು ಪೀಠೋಪಕರಣ ಮಾಡಿದ ಶೈಲಿಯಂತೆ. ಅಲ್ಲಿನ ಮ್ಯೂಸಿಯಂನಲ್ಲಿ ಗಾಡ್ವಿನ್ ಅನ್ನುವ ಇಂಗ್ಲಿಷ್ ವಾಸ್ತುಶಿಲ್ಪಿಯ ಸೈಡ್‌ಬೋರ್ಡ್, ಅಂದ್ರೆ ಊಟದ ಕೋಣೆಯ ಬೀರು, ನೋಡಿದ್ದಾನೆ. ಮನೆಗೂ ಅಂಥದ್ದೇ ಮಾಡಿಸಬೇಕಂತೆ.

ಫೋನಿನಲ್ಲಿ ಫೋಟೋ ತೋರಿಸಿದ. ಕಪ್ಪು ಬೀರು. ಹೂಬಳ್ಳಿ ಕೆತ್ತನೆ ಒಂದೂ ಇಲ್ಲ. ಬರೀ ಅಡ್ಡಪಟ್ಟಿ, ಉದ್ದಪಟ್ಟಿ, ನಡುವೆ ಖಾಲಿ ಜಾಗ.

“ಕರಿಮರವೇನೋ?” ಎಂದರು ಶಾಮಣ್ಣ.

“ಅಲ್ಲ, ಮಹಾಗನಿಗೆ ಕಪ್ಪು ಬಳಿದಿದ್ದು. 1867ರಲ್ಲಿ ಗಾಡ್ವಿನ್ ಮೊದಲನೇದನ್ನ ತನ್ನ ಮನೆಗೇ ಅಂತ ಅಗ್ಗದ ಮರದಲ್ಲಿ ಮಾಡಿಸಿದ್ದ.”

“ಕಪ್ಪು ಅಂದ್ರೆ ಧೂಳು ಎದ್ದು ಕಾಣುತ್ತೆ. ಒರೆಸೋರು ಯಾರು?” ಅಡುಗೆಮನೆಯಿಂದ ಪದ್ಮ ಕೇಳಿದಳು. ವಿಶ್ವನಿಗೆ ಕೇಳಿಸಲಿಲ್ಲ.

“ಗಾಡ್ವಿನ್ ಜಪಾನಿನಲ್ಲಿ ಎಷ್ಟು ವರ್ಷ ಇದ್ದ?”

“ಹೋಗೇ ಇರಲಿಲ್ಲ, ಶಾಮಣ್ಣ. 1862ರಲ್ಲಿ ಲಂಡನ್ನಿನ ದೊಡ್ಡ ಪ್ರದರ್ಶನದಲ್ಲಿ ಜಪಾನಿನ ಸಾಮಾನು ಇಟ್ಟಿದ್ರು. ಆಮೇಲೆ ಅಲ್ಲಿನವರಿಗೆ ಜಪಾನಿನ ಹುಚ್ಚು ಜಾಸ್ತಿ ಆಯ್ತು.”

“ಸರಿ, ಆಗಿನ ಜಪಾನೀಯರ ಮನೇಲಿ ಸೈಡ್‌ಬೋರ್ಡ್ ಇತ್ತಾ? ಕುರ್ಚಿ?”

“ಇಲ್ಲ… ಚಾಪೆ ಮೇಲೆ ಕೂರ್ತಿದ್ರು.”

“ಹಂಗಾದ್ರೆ ಇದು ಏಕಾದಶಿ ಶೈಲಿಯ ಮದುವೆ ಊಟ!”

ಸೀನ ಸುಮ್ನಿರಲಾರದೆ ಬಾಯಿ ಹಾಕಿದ. “ಪ್ಯಾರಿಸ್ಸಿನಲ್ಲಿ ವಿಯಾರ್ದೋ ಅಂತ ಒಬ್ಬ, ಪೀಠೋಪಕರಣದ ಮೇಲೆಲ್ಲ ಡ್ರ್ಯಾಗನ್ ಹರಿದಾಡಿಸ್ತಿದ್ದ.”

“ಕೂತವನು ಕೈ ಎಲ್ಲಿಡಬೇಕು, ಅದರ ಬಾಯೊಳಗಾ?”

“ಇಂಗ್ಲೆಂಡಿನ ಬ್ರೈಟನ್ ಅರಮನೇಲಿ ಚೀನಾದ ಶೋಕಿ. ಎರಕದ ಕಬ್ಬಿಣದ ಮೆಟ್ಟಿಲಿಗೆ ಬಿದಿರಿನ ವೇಷ.”

“ಪಾಪ, ಕಬ್ಬಿಣಕ್ಕೂ ಗಿಣ್ಣು ಬಂತು.”

ಮಾತು ಬಿದಿರಿನಿಂದ ಕಳಲೆ ಪಲ್ಯಕ್ಕೆ ಹೊರಳಿತು. ಕಳಲೆಯನ್ನು ಎಷ್ಟು ದಿನ ನೆನೆಸಬೇಕು ಅಂತ ಸೀನ, ಪದ್ಮ ಜಗಳ ಆಡಿದರು. ಶಾಮಣ್ಣ ಮಾತ್ರ ಫೋಟೋ ಬಿಟ್ಟಿರಲಿಲ್ಲ.

“ನಮ್ಮಜ್ಜಿ ಮನೇಲಿ ಇದ್ದಿದ್ದು ಒಂದೇ ಕೋಣೆ. ಮಣೆ ಹಾಕಿದ್ರೆ ಊಟದ ಮನೆ. ಚಾಪೆ ಹಾಸಿದ್ರೆ ಬಂದವರಿಗೆ ಪಡಸಾಲೆ. ರಾತ್ರಿ ಹಾಸಿಗೆ ಬಿಚ್ಚಿದ್ರೆ ಮಲಗೋ ಮನೆ. ಬೆಳಿಗ್ಗೆ ಎಲ್ಲ ಸುತ್ತಿ ಗೋಡೆಗೆ ಒರಗಿಸಿದ್ರೆ ಏನೂ ಇಲ್ಲ, ಕಿಟಕಿ ಬಿಸಿಲು ಮಾತ್ರ. ನಾವು ಅದರಲ್ಲೇ ಪಗಡೆ ಆಡ್ತಿದ್ವಿ.” ಕನ್ನಡಕ ತೆಗೆದರು. “ನಿನ್ನ ಗಾಡ್ವಿನ್ ಮರುಳಾಗಿದ್ದು ಅಂಥ ಖಾಲಿ ಜಾಗಕ್ಕೇ ಕಣೋ. ಮರುಳಾಗಿ ಅಲ್ಲಿಗೆ ಒಂದು ಬೀರು ತಂದಿಟ್ಟ.”

ಯಾರೂ ಮಾತಾಡಲಿಲ್ಲ. ಪದ್ಮ ಕಾಫಿ ತಂದಳು.

“ಹಾಗಾದ್ರೆ ಚಾಪೆ ಹಾಸ್ಲಾ, ಶಾಮಣ್ಣ?”

ಅವರು ತಮ್ಮ ಮಂಡಿ ನೋಡಿಕೊಂಡರು.

“ಬೇಡಮ್ಮ. ಆ ಪ್ಲಾಸ್ಟಿಕ್ ಕುರ್ಚೀನೇ ಎಳಿ.”